ಗಣಿತಜ್ಞ ಭಾಸ್ಕರಾಚಾರ್ಯ

ಸಹ್ಯಾದ್ರಿಯ ಸೀಮೆಯಲ್ಲಿ ವಿಜ್ಜಡವಿಡವೆಂಬ ಊರೊಂದಿತ್ತು. ವೇದವಿದ್ಯೆಯಲ್ಲಿ ನುರಿತ ವಿದ್ವಾಂಸರೂ ನಾನಾ ಬಗೆಯ ಸಜ್ಜನರೂ ಅಲ್ಲಿ ನೆಲೆಸಿದ್ದರು. ಅವರಲ್ಲಿ ಶಾಂಡಿಲ್ಯ ಗೋತ್ರದ ಮಹೇಶ್ವರರು ಜ್ಯೋತಿಶ್ಶಾಸ್ತ್ರದಲ್ಲಿ ಹೆಸರಾದ ಪಂಡಿತರು. ಶಾಲಿವಾಹನ ಶಕ ೧೦೩೬ರಲ್ಲಿ, ಎಂದರೆ ಕ್ರಿ.ಶ. ೧೧೧೪ರಲ್ಲಿ, ಅವರಿಗೆ ಒಬ್ಬ ಮಗನು ಜನಿಸಿದನು. ಆತನೇ ಮುಂದೆ ಭಾಸ್ಕರಾಚಾರ್ಯರೆಂದು ಜಗತ್ಪ್ರಸಿದ್ಧರಾದ ಗಣಿತಜ್ಞರು. ಏಳನೆಯ ಶತಮಾನದಲ್ಲಿ ಇದೇ ಹೆಸರಿನ ಇನ್ನೊಬ್ಬ ಗಣಿತಜ್ಞರು ಬಾಳಿದ್ದುದರಿಂದ ಇತಿಹಾಸಕಾರರು ಇವರನ್ನು ಎರಡನೆಯ ಭಾಸ್ಕರರೆಂದು ಕರೆಯುವುದು ವಾಡಿಕೆ.

ವಿಜ್ಜಡವಿಡವು ಇಂದಿನ ಯಾವ ಊರು ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಅದು ನಮ್ಮ ವಿಜಯಪುರವೇ ಎಂದು ಹಲವರು ನಂಬಿದ್ದಾರೆ. ತಮ್ಮ ಊರು ಸಹ್ಯಾದ್ರಿಯನ್ನು ಆಶ್ರಯಿಸಿತ್ತೆಂದು ಭಾಸ್ಕರಾಚಾರ್ಯರೇ ತಿಳಿಸಿರುವುದರಿಂದ, ಆ ಮಾತು ಬಯಲುಸೀಮೆಯ ವಿಜಯಪುರಕ್ಕೆ ಹೊಂದುವುದಿಲ್ಲವೆಂದು ಮತ್ತೆ ಕೆಲವರು ವಾದಿಸುತ್ತಾರೆ; ಅವರು ಮಹಾರಾಷ್ಟ್ರದ ಚಾಳೀಸಗಾಂವಿಗೆ ಸಮೀಪದ ಪಾಟಣೆಯ ಕಡೆಗೆ ಬೆರಳು ತೋರುತ್ತಾರೆ. ಕನ್ನಡಿಗರಾದ ನಮಗೆ ಮೊದಲನೆಯ ಮತ ಪ್ರಿಯವಾದರೂ ಎರಡನೆಯದರ ವಾದ ಹಗುರವಾದುದೇನಲ್ಲ. ಭಾಸ್ಕರಾಚಾರ್ಯರು ಹುಟ್ಟಿದಾಗ ದಖ್ಖನಿನ ಬಹುಭಾಗವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಒಳಪಟ್ಟಿತ್ತು ಎಂಬುದಂತೂ ನಿಶ್ಚಿತ.

ಬಾಲಕನಿಗೆ ತಂದೆಯೇ ಗುರು. ಗ್ರಹಗತಿಯನ್ನು ಗುಣಿಸುವ ವಿದ್ಯೆಯು ಆ ಮನೆತನದಲ್ಲಿ ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಆ ವಿದ್ಯೆಗೆ ಗಣಿತವೇ ಅಡಿಪಾಯ. ಕ್ರಿ.ಶ. ೪೯೯ರಲ್ಲಿ ಆರ್ಯಭಟರು, ೬೨೮ರಲ್ಲಿ ಬ್ರಹ್ಮಗುಪ್ತರು ರಚಿಸಿದ ಗ್ರಂಥಗಳು ಅಂದಿನ ವಿದ್ಯಾರ್ಥಿಗಳಿಗೆ ಆಕರಗಳಾಗಿದ್ದವು. ನಮ್ಮ ನಾಡಿನಲ್ಲಿಯೂ ಗಣಿತದ ಬೆಳೆ ಹುಲುಸಾಗಿಯೇ ಇತ್ತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದು ಭಾಸ್ಕರಾಚಾರ್ಯರ ವೇಳೆಗೆ ಸುಮಾರು ಇನ್ನೂರೈವತ್ತು ವರ್ಷಗಳು ಸಂದಿದ್ದವು.

ಭಾಸ್ಕರಾಚಾರ್ಯರು ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ೧೧೫೦ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಎಂಬ ಮಹಾಗ್ರಂಥವನ್ನು ಪೂರೈಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು ಅದರ ಅಂಗಗಳೆಂದು ಪರಿಗಣಿತವಾಗಿವೆ. ಮೊದಲನೆಯದು ಅಂಕಗಣಿತ ಮತ್ತು ಕ್ಷೇತ್ರಗಣಿತಕ್ಕೆ ಸಂಬಂಧಿಸಿದುದು. ಕೊನೆಯ ಎರಡು ಖಗೋಳಕ್ಕೆ ಮೀಸಲಾದವು. ಲೀಲಾವತಿಯು ಆಚಾರ್ಯರ ಮಗಳೆಂದೂ, ಅವಳ ಮದುವೆಯ ಮುಹೂರ್ತವನ್ನು ತಿಳಿಸಬೇಕಾಗಿದ್ದ ಗಳಿಗೆ ಬಟ್ಟಲಿಗೆ ಮುತ್ತೊಂದು ಬಿದ್ದು ರಂಧ್ರ ಮುಚ್ಚಿಹೋದುದರಿಂದ ಲಗ್ನ ತಪ್ಪಿತೆಂದೂ ಒಂದು ಕಥೆಯುಂಟು. ೧೫೮೭ರಲ್ಲಿ ಅಕ್ಬರನ ಆಸ್ಥಾನದ ಕವಿ ಫೈಜಿ ಆ ಗ್ರಂಥವನ್ನು ಪಾರಸಿ ಭಾಷೆಗೆ ತಂದಾಗ ಈ ಕಥೆಯನ್ನು ಸೇರಿಸಿದನು. ಕಥೆ ಸೊಗಸಾಗಿದೆ, ಆದರೆ ಭಾಸ್ಕರಾಚಾರ್ಯರ ಗ್ರಂಥದಲ್ಲಿ ಅದಕ್ಕೆ ಆಧಾರವಿಲ್ಲ.

ಅವರ ಬುದ್ಧಿಯ ಆಳವನ್ನು ಅರಿಯಬೇಕಾದರೆ ಎರಡನೆಯ ಭಾಗವಾದ ಬೀಜಗಣಿತವನ್ನು ನೋಡಬೇಕು. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಮೊದಲಾದ ಹಿಂದಿನವರ ಬೀಜಗಣಿತ ಗ್ರಂಥಗಳು ಬಲು ವಿಸ್ತಾರವಾಗಿದ್ದುದರಿಂದ ಶಿಷ್ಯರ ಹಿತಕ್ಕಾಗಿ ಸಾರವನ್ನು ಸಂಗ್ರಹಿಸಿ ಕೊಡುತ್ತಿರುವುದಾಗಿ ಅವರು ವಿನಯದಿಂದ ತಿಳಿಸಿದ್ದಾರೆ. ಸಂಗ್ರಹವೆಂದರೆ ಬರಿಯ ಕತ್ತರಿಸುವಿಕೆಯಲ್ಲ. ವಿಷಯವನ್ನು ಜೋಡಿಸಿದ ಕ್ರಮದಲ್ಲಿಯೇ ಒಬ್ಬ ದೊಡ್ಡ ಶಿಕ್ಷಕನ ಕೈ ಕಾಣುತ್ತದೆ. ಸಮೀಕರಣಗಳ ವಿಚಾರಕ್ಕೆ ಬಂದಾಗ ಅವರು ಮೊದಲು ಏಕವರ್ಣ ಸಮೀಕರಣವನ್ನೂ ಅನಂತರ ಅನೇಕವರ್ಣ ಸಮೀಕರಣವನ್ನೂ ಬೇರೆಬೇರೆ ಪ್ರಕರಣಗಳಾಗಿ ಮಾಡಿದರು. ಒಂದು ಚರಾಕ್ಷರವುಳ್ಳ ಸಮೀಕರಣ, ಎರಡು ಅಥವಾ ಹೆಚ್ಚು ಚರಾಕ್ಷರಗಳುಳ್ಳ ಸಮೀಕರಣ ಎಂದು ನೀವು ಇಂದು ಗಣಿತದ ತರಗತಿಯಲ್ಲಿ ಕಲಿಯುವ ವಿಭಾಗವೇ ಇದು.

ವರ್ಣವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ಬೆಲೆ ತಿಳಿಯದ ರಾಶಿಯನ್ನು ನಮ್ಮ ಪ್ರಾಚೀನರು ಅವ್ಯಕ್ತವೆಂದು ಕರೆದರು. ಮೊದಲನೆಯ ಅವ್ಯಕ್ತಕ್ಕೆ ಯಾವತ್ತಾವತ್ ಎಂದು ಹೆಸರು; ಎಷ್ಟೋ ಅಷ್ಟು ಎಂದು ಅದರ ಅರ್ಥ. ಇನ್ನೊಂದು ಅವ್ಯಕ್ತವು ಬಂದರೆ ಅದು ಕಾಲಕ, ಎಂದರೆ ಕಪ್ಪು. ಮುಂದಿನವು ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳ ಹೆಸರನ್ನೇ ಹೊತ್ತು ಬರುತ್ತವೆ. ಬರೆಯುವಾಗ ಯಾ, ಕಾ, ನೀ ಎಂದು ಮೊದಲ ಅಕ್ಷರವಷ್ಟೇ ಸಾಕು. ಈ ಪದ್ಧತಿಯು ಬ್ರಹ್ಮಗುಪ್ತರಿಗೂ ತಿಳಿದಿತ್ತು. ಋಣಸಂಖ್ಯೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆಯುತ್ತಿದ್ದರು; ಸಮ ಎಂಬ ಚಿಹ್ನೆ ಆಗ ಇರಲಿಲ್ಲ. ಓದುಗರ ಅನುಕೂಲಕ್ಕಾಗಿ ಇಲ್ಲಿ ಇಂದಿನ ಚಿಹ್ನೆಗಳನ್ನೇ ಬಳಸಿದೆ.

ಏಕವರ್ಣಕ್ಕೆ ಆಚಾರ್ಯರು ಕೊಡುವ ಒಂದು ಉದಾಹರಣೆ ಸರಳವಾದುದು. ಒಬ್ಬನ ಬಳಿ ಆರು ಕುದುರೆಗಳೂ ಮುನ್ನೂರು ನಾಣ್ಯಗಳೂ ಇವೆ. ಇನ್ನೊಬ್ಬನ ಬಳಿ ಹತ್ತು ಕುದುರೆಗಳಿವೆ, ಆದರೆ ನೂರು ನಾಣ್ಯಗಳ ಸಾಲವಿದೆ. ಕುದುರೆಗಳ ಬೆಲೆಯೆಲ್ಲ ಒಂದೇ. ಇಬ್ಬರ ಸಂಪತ್ತೂ ಸಮ. ಹಾಗಾದರೆ ಒಂದು ಕುದುರೆಯ ಬೆಲೆಯೇನು? ಬೆಲೆಯನ್ನು ಯಾ ಎಂದಿಟ್ಟುಕೊಂಡರೆ ೬ ಯಾ + ೩೦೦ = ೧೦ ಯಾ − ೧೦೦ ಎಂದಾಗುತ್ತದೆ. ಅವ್ಯಕ್ತವನ್ನು ಒಂದು ಪಕ್ಷಕ್ಕೂ ವ್ಯಕ್ತವನ್ನು ಇನ್ನೊಂದು ಪಕ್ಷಕ್ಕೂ ಸರಿಸಿದಾಗ ೪ ಯಾ = ೪೦೦. ಕುದುರೆಯ ಬೆಲೆ ೧೦೦. ಇದರಲ್ಲಿ ಬೇರೆ ಉತ್ತರಕ್ಕೆ ಎಡೆಯೇ ಇಲ್ಲ. ಒಂದು ಅವ್ಯಕ್ತ, ಒಂದು ಸಮತೆ. ಆ ಸಮತೆಯೇ ಅವ್ಯಕ್ತವನ್ನು ಕಟ್ಟಿಹಾಕಿಬಿಡುತ್ತದೆ.

ಆದರೆ ಅವ್ಯಕ್ತವು ಒಂದೇ ಆದಮಾತ್ರಕ್ಕೆ ಉತ್ತರವೂ ಯಾವಾಗಲೂ ಒಂದೇ ಎಂದು ತಿಳಿಯಬಾರದು. ಕಪಿಗಳ ಲೆಕ್ಕವೊಂದು ಅದೇ ಗ್ರಂಥದಲ್ಲಿದೆ. ಒಂದು ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಬೆಟ್ಟದ ಮೇಲಿವೆ. ಹಿಂಡಿನಲ್ಲಿ ಒಟ್ಟು ಎಷ್ಟು? ಹದಿನಾರು ಎಂದರೂ ಸರಿ, ನಲವತ್ತೆಂಟು ಎಂದರೂ ಸರಿ. ಆಚಾರ್ಯರು ಎರಡನ್ನೂ ಒಪ್ಪುತ್ತಾರೆ. ಅದರ ಬೆನ್ನಿಗೇ ಬರುವ ಇನ್ನೊಂದು ಲೆಕ್ಕದಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕು ಒಂದು ಮಾತ್ರ ಹೊರಗೆ ಕಾಣಿಸುತ್ತದೆ. ಇಲ್ಲಿ ೫೦ ಮತ್ತು ೫ ಎಂಬ ಎರಡು ಬೆಲೆಗಳು ಬರುತ್ತವೆ. ಐದರ ಐದನೆಯ ಭಾಗ ಒಂದು. ಒಂದರಿಂದ ಮೂರನ್ನು ಕಳೆದರೆ ಋಣಸಂಖ್ಯೆ. ಕಪಿಗಳ ಎಣಿಕೆಯಲ್ಲಿ ಅದಕ್ಕೆ ಅರ್ಥವಿಲ್ಲವೆಂದು ಐದನ್ನು ಅವರು ಕೈಬಿಡುತ್ತಾರೆ. ಗಣಿತದ ನಿಯಮ ಕೊಟ್ಟುದನ್ನೆಲ್ಲ ಕಣ್ಣು ಮುಚ್ಚಿ ಸ್ವೀಕರಿಸದೆ, ಲೆಕ್ಕದ ಮೂಲಕ್ಕೆ ಹಿಂತಿರುಗಿ ಒರೆಗೆ ಹಚ್ಚುವ ಈ ಎಚ್ಚರವು ಗಮನಾರ್ಹವಾದುದು.

ಇನ್ನು ಎರಡು ಅವ್ಯಕ್ತಗಳಿರುವ ಸಂದರ್ಭ. ಇಬ್ಬರು ಗೆಳೆಯರಿದ್ದಾರೆ. ಎರಡನೆಯವನು ನೂರು ನಾಣ್ಯ ಕೊಟ್ಟರೆ ಮೊದಲನೆಯವನ ಹಣವು ಅವನದರ ಎರಡರಷ್ಟಾಗುತ್ತದೆ. ಹಾಗಲ್ಲದೆ ಮೊದಲನೆಯವನೇ ಹತ್ತು ನಾಣ್ಯ ಕೊಟ್ಟರೆ ಎರಡನೆಯವನ ಹಣವು ಇವನದರ ಆರರಷ್ಟಾಗುತ್ತದೆ. ಇಬ್ಬರಲ್ಲಿಯೂ ಮೊದಲು ಎಷ್ಟೆಷ್ಟು ಹಣವಿತ್ತು? ಕ್ಷಣಕಾಲ ಮೊದಲನೆಯ ಮಾತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಬ್ಬನಲ್ಲಿ ೧೦೦, ಇನ್ನೊಬ್ಬನಲ್ಲಿ ೨೦೦ ಇದ್ದರೆ ಅದು ನಿಜವಾಗುತ್ತದೆ. ೨೦೦ ಮತ್ತು ೨೫೦ ಇದ್ದರೂ ನಿಜವಾಗುತ್ತದೆ. ೪೦ ಮತ್ತು ೧೭೦ ಇದ್ದರೂ ನಿಜವೇ. ಒಂದು ಅವ್ಯಕ್ತಕ್ಕೆ ನಾವು ಯಾವ ಬೆಲೆಯನ್ನು ಕೊಟ್ಟರೂ ಇನ್ನೊಂದು ಅದಕ್ಕೆ ತಕ್ಕ ಬೆಲೆಯನ್ನು ತಳೆದು ಸಮತೆಯನ್ನು ಉಳಿಸಿಕೊಳ್ಳುತ್ತದೆ. ಇಂತಹ ಜೋಡಿಗಳಿಗೆ ಕೊನೆಯಿಲ್ಲ. ಕುದುರೆಯ ಲೆಕ್ಕಕ್ಕೂ ಇದಕ್ಕೂ ಇರುವ ನಿಜವಾದ ಅಂತರವು ಇದು: ಅಲ್ಲಿ ಸಮೀಕರಣವು ಒಂದು ಬೆಲೆಯನ್ನು ಹೇಳಿತು, ಇಲ್ಲಿ ಅದು ಎರಡು ಬೆಲೆಗಳ ನಡುವಿನ ಸಂಬಂಧವನ್ನಷ್ಟೇ ಹೇಳುತ್ತದೆ. ಬೆಲೆ ನಿಶ್ಚಯವಾಗಬೇಕಾದರೆ ಎರಡನೆಯ ಗೆಳೆಯನಿಂದ ಇನ್ನೊಂದು ಮಾತು ಬರಲೇಬೇಕು. ಅದು ಬಂದೊಡನೆ ಜೋಡಿಗಳ ಆ ದೊಡ್ಡ ಗುಂಪಿನಲ್ಲಿ ೪೦ ಮತ್ತು ೧೭೦ ಎಂಬ ಜೋಡಿಯೊಂದೇ ಉಳಿಯುತ್ತದೆ.

ಈ ಲೆಕ್ಕವನ್ನು ಭಾಸ್ಕರಾಚಾರ್ಯರು ಇಟ್ಟಿರುವುದು ಅನೇಕವರ್ಣದ ಪ್ರಕರಣದಲ್ಲಲ್ಲ, ಏಕವರ್ಣದ ಪ್ರಕರಣದಲ್ಲಿ. ಇಬ್ಬರ ಹಣವೂ ತಿಳಿಯದಿರುವಾಗ ಒಂದೇ ಅವ್ಯಕ್ತದಿಂದ ಬಿಡಿಸುವುದು ಹೇಗೆ? ಅವರ ಜಾಣ್ಮೆ ಇಲ್ಲಿದೆ. ನೂರು ಕೊಟ್ಟ ಮೇಲೆ ಎರಡನೆಯವನಲ್ಲಿ ಉಳಿದುದನ್ನೇ ಅವರು ಯಾ ಎಂದಿಟ್ಟುಕೊಳ್ಳುತ್ತಾರೆ. ಹಾಗೆಂದ ಮೇಲೆ ಅವನ ಮೂಲಧನ ಯಾ + ೧೦೦; ಮೊದಲನೆಯವನ ಮೂಲಧನ ೨ ಯಾ − ೧೦೦. ಮೊದಲನೆಯ ಮಾತು ಹೆಸರಿಡುವಾಗಲೇ ಈಡೇರಿತು. ಎರಡನೆಯ ಮಾತಿನಂತೆ ೬ (೨ ಯಾ − ೧೧೦) = ಯಾ + ೧೧೦. ಎಂದರೆ ೧೧ ಯಾ = ೭೭೦, ಯಾ = ೭೦. ಧನಗಳು ೪೦ ಮತ್ತು ೧೭೦. ಎರಡು ಸಮತೆಗಳಲ್ಲಿ ಒಂದನ್ನು ಅವ್ಯಕ್ತವನ್ನು ಆರಿಸುವುದರಲ್ಲೇ ವ್ಯಯಮಾಡಿ, ಉಳಿದ ಒಂದರಿಂದ ಉತ್ತರವನ್ನು ಪಡೆದರು. ನಾವು ಇಂದು ಎರಡು ಚರಾಕ್ಷರಗಳನ್ನು ಇಟ್ಟುಕೊಂಡು ಒಂದನ್ನು ಲೋಪಗೊಳಿಸಿ ಮಾಡುವುದೂ ತತ್ತ್ವದಲ್ಲಿ ಇದನ್ನೇ. ಒಂದು ಬಣ್ಣದಿಂದ ಆಗುವ ಕೆಲಸಕ್ಕೆ ಎರಡನೆಯ ಬಣ್ಣವನ್ನು ತರದಿರುವುದು ಭಾಸ್ಕರಾಚಾರ್ಯರ ರೀತಿ.

ಸಮತೆಗಳು ಕಡಿಮೆಯಿದ್ದು ಅವ್ಯಕ್ತಗಳು ಹೆಚ್ಚಾದರೆ ಎಂತಹ ಜಾಣ್ಮೆಯೂ ಅವ್ಯಕ್ತಗಳನ್ನು ಒಂದಕ್ಕೆ ಇಳಿಸಲಾರದು. ಹಕ್ಕಿಗಳ ಲೆಕ್ಕವು ಇಂತಹುದು. ಈ ಬಗೆಯ ಲೆಕ್ಕಗಳು ಭಾಸ್ಕರಾಚಾರ್ಯರಿಗಿಂತ ಹಿಂದಿನಿಂದಲೂ ಬಂದವು. ಮೂರು ದ್ರಮ್ಮಗಳಿಗೆ ಐದು ಪಾರಿವಾಳ, ಐದು ದ್ರಮ್ಮಗಳಿಗೆ ಏಳು ಸಾರಸ, ಏಳಕ್ಕೆ ಒಂಬತ್ತು ಹಂಸ, ಒಂಬತ್ತಕ್ಕೆ ಮೂರು ನವಿಲು ದೊರೆಯುತ್ತವೆ. ದ್ರಮ್ಮವೆಂಬುದು ಅಂದಿನ ನಾಣ್ಯ. ರಾಜಕುಮಾರನ ವಿನೋದಕ್ಕಾಗಿ ನೂರು ದ್ರಮ್ಮಗಳಿಗೆ ಸರಿಯಾಗಿ ನೂರು ಹಕ್ಕಿಗಳನ್ನು ತರಬೇಕು. ಇಲ್ಲಿ ಬಣ್ಣಗಳು ನಾಲ್ಕು. ನಿಬಂಧನೆಗಳೋ ಎರಡು, ಹಕ್ಕಿಗಳ ಸಂಖ್ಯೆ ಮತ್ತು ಹಣ. ಐದು ಪಾರಿವಾಳ, ಐವತ್ತಾರು ಸಾರಸ, ಇಪ್ಪತ್ತೇಳು ಹಂಸ, ಹನ್ನೆರಡು ನವಿಲುಗಳನ್ನು ಕೊಂಡವನು ತಪ್ಪು ಮಾಡಿಲ್ಲ. ಹದಿನೈದು, ಇಪ್ಪತ್ತೆಂಟು, ನಲವತ್ತೈದು, ಹನ್ನೆರಡು ಎಂದು ಕೊಂಡವನೂ ತಪ್ಪು ಮಾಡಿಲ್ಲ. ಅರವತ್ತು ಪಾರಿವಾಳ, ಏಳು ಸಾರಸ, ಹದಿನೆಂಟು ಹಂಸ, ಹದಿನೈದು ನವಿಲುಗಳನ್ನು ತಂದವನ ಲೆಕ್ಕವೂ ಕೂಡುತ್ತದೆ. ಮೂವರು ಶಿಷ್ಯರು ಮೂರು ಉತ್ತರಗಳನ್ನು ಹೇಳಿ ಮೂವರೂ ಸರಿಯಾಗಿರುವುದು ಎಳೆಯರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಉತ್ತರವನ್ನು ಕಂಡು, ಅದೇ ಕೊನೆಯೆಂದು ಲೇಖನಿಯನ್ನು ಕೆಳಗಿಟ್ಟವನು ಲೆಕ್ಕದ ಅರ್ಧವನ್ನು ಮಾತ್ರ ಮಾಡಿದಂತೆ. ನಾಲ್ಕು ಬಗೆಯ ಹಕ್ಕಿಗಳೂ ಇರಬೇಕು, ಮೇಲಿನ ಗುಂಪುಗಳನ್ನು ಒಡೆಯದೆ ಪೂರ್ತಿಯಾಗಿಯೇ ಕೊಳ್ಳಬೇಕು ಎಂದರೆ ಒಟ್ಟು ಆರು ಉತ್ತರಗಳಿವೆ. ಉಳಿದ ಮೂರನ್ನು ವಿದ್ಯಾರ್ಥಿಗಳು ತಾವೇ ಹುಡುಕಬಹುದು.

ಅಸಂಖ್ಯವಾಗಿರಬೇಕಾದ ಉತ್ತರಗಳು ಇಲ್ಲಿ ಆರಕ್ಕೆ ಇಳಿದುದು ಏಕೆ? ಅರ್ಧ ಹಂಸವನ್ನಾಗಲಿ ಕಾಲು ನವಿಲನ್ನಾಗಲಿ ತರಲಾಗುವುದಿಲ್ಲ. ಸೊನ್ನೆಗಿಂತ ಕಡಿಮೆ ಹಕ್ಕಿಗಳೂ ಇರಲಾರವು. ಉತ್ತರವು ಪೂರ್ಣಸಂಖ್ಯೆಯಾಗಿರಬೇಕೆಂಬ ಈ ಕಟ್ಟುಪಾಡೇ ಭಾರತೀಯ ಗಣಿತಜ್ಞರನ್ನು ಆಳವಾದ ಶೋಧನೆಗೆ ಎಳೆಯಿತು. ಅದಕ್ಕೆ ಕಾರಣ ಆಕಾಶದಲ್ಲಿತ್ತು. ಒಂದು ಗಣನೆಯ ಆರಂಭದಿಂದ ಎಷ್ಟು ದಿನಗಳು ಕಳೆದಿವೆ, ಗ್ರಹವು ಎಷ್ಟು ಸುತ್ತುಗಳನ್ನು ಮುಗಿಸಿದೆ ಎಂಬ ಎರಡೂ ಪೂರ್ಣಸಂಖ್ಯೆಗಳು, ಎರಡೂ ಅವ್ಯಕ್ತಗಳು. ಕೈಯಲ್ಲಿರುವುದು ಒಂದೇ ಸಮೀಕರಣ. ಗ್ರಹವು ಈ ಸುತ್ತಿನಲ್ಲಿ ಕ್ರಮಿಸಿರುವ ಶೇಷಭಾಗ ಮಾತ್ರ ತಿಳಿದಿರುತ್ತದೆ. ಎರಡನೆಯ ಸಮೀಕರಣಕ್ಕಾಗಿ ಯಾರನ್ನು ಕೇಳುವುದು?

ಇಂತಹ ಸಮೀಕರಣಗಳನ್ನು ಬಿಡಿಸುವ ವಿಧಾನಕ್ಕೆ ಕುಟ್ಟಕವೆಂದು ಹೆಸರು. ಕುಟ್ಟುವುದು ಎಂಬ ನಮ್ಮ ಮಾತನ್ನು ನೆನೆದರೆ ಅರ್ಥ ಹೊಳೆಯುತ್ತದೆ: ದೊಡ್ಡ ಗುಣಕಗಳನ್ನು ಮತ್ತೆಮತ್ತೆ ಭಾಗಿಸುತ್ತ ಶೇಷಗಳನ್ನು ಚಿಕ್ಕದಾಗಿಸುತ್ತ ಹೋಗುವ ವಿಧಾನ ಅದು. ಆರ್ಯಭಟರಿಂದ ಬಂದ ಈ ವಿದ್ಯೆಯನ್ನು ಭಾಸ್ಕರಾಚಾರ್ಯರು ವಿಶದಪಡಿಸಿದರು. ಯಾವ ಸಂಖ್ಯೆಯನ್ನು ನೂರರಿಂದ ಗುಣಿಸಿ ತೊಂಬತ್ತನ್ನು ಕೂಡಿಸಿದರೆ ಅರವತ್ತಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಅವರ ಒಂದು ಪ್ರಶ್ನೆ. ಅಂತಹ ಅತಿ ಚಿಕ್ಕ ಸಂಖ್ಯೆ ೧೮, ಭಾಗಲಬ್ಧ ೩೦. ಮೊದಲನೆಯದಕ್ಕೆ ೬೩ನ್ನೂ ಎರಡನೆಯದಕ್ಕೆ ೧೦೦ನ್ನೂ ಕೂಡಿಸಿದರೆ ೮೧ ಮತ್ತು ೧೩೦ ಎಂಬ ಹೊಸ ಜೋಡಿ. ಮತ್ತೆ ಕೂಡಿಸಿದರೆ ೧೪೪ ಮತ್ತು ೨೩೦. ಉತ್ತರಗಳು ಅನಂತ, ಆದರೂ ಅಂಕೆ ತಪ್ಪಿದವಲ್ಲ. ಒಂದು ಸಿಕ್ಕರೆ ಉಳಿದವೆಲ್ಲ ಸಮನಾದ ಹೆಜ್ಜೆಗಳನ್ನಿಟ್ಟು ಬರುತ್ತವೆ. ಎರಡು ಚರಾಕ್ಷರಗಳ ಸರಳ ಸಮೀಕರಣವನ್ನು ನೀವು ನಕ್ಷಾಹಾಳೆಯಲ್ಲಿ ಸರಳರೇಖೆಯಾಗಿ ಎಳೆಯುತ್ತೀರಿ. ಆ ರೇಖೆಯ ಮೇಲಿನ ಪ್ರತಿಯೊಂದು ಬಿಂದುವೂ ಒಂದು ಉತ್ತರ. ಕುಟ್ಟಕವು ಹುಡುಕುವುದು ಆ ರೇಖೆಯು ಹಾಳೆಯ ಚೌಕಗಳ ಮೂಲೆಗಳನ್ನು ಸರಿಯಾಗಿ ಹಾದುಹೋಗುವ ಬಿಂದುಗಳನ್ನು ಮಾತ್ರ.

ಇದಕ್ಕಿಂತಲೂ ಕಠಿನವಾದುದು ವರ್ಗಪ್ರಕೃತಿ. ಒಂದು ಸಂಖ್ಯೆಯ ವರ್ಗವನ್ನು ೬೧ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಬರುವುದೂ ವರ್ಗಸಂಖ್ಯೆಯೇ ಆಗಬೇಕು. ಪ್ರಶ್ನೆ ಎಷ್ಟು ಚಿಕ್ಕದೋ ಉತ್ತರ ಅಷ್ಟೇ ದೊಡ್ಡದು: ಸೊನ್ನೆಯನ್ನು ಬಿಟ್ಟರೆ ಅತಿ ಚಿಕ್ಕ ಉತ್ತರವೇ ೨೨,೬೧,೫೩,೯೮೦, ಬರುವ ವರ್ಗದ ಮೂಲ ೧೭೬,೬೩,೧೯,೦೪೯. ಚಕ್ರವಾಳವೆಂಬ ವಿಧಾನದಿಂದ ಭಾಸ್ಕರಾಚಾರ್ಯರು ಕೆಲವೇ ಹಂತಗಳಲ್ಲಿ ಈ ಉತ್ತರವನ್ನು ತಲಪುತ್ತಾರೆ. ಆ ವಿಧಾನವು ಅವರಿಗಿಂತ ಹಿಂದಿನ ಜಯದೇವ ಎಂಬ ಗಣಿತಜ್ಞರಿಗೂ ತಿಳಿದಿತ್ತೆಂಬುದು ಈಗ ಗೊತ್ತಾಗಿದೆ. ಫ್ರಾನ್ಸಿನ ಫರ್ಮಾ ಎಂಬ ಮಹಾಗಣಿತಜ್ಞನು ಇದೇ ೬೧ರ ಪ್ರಶ್ನೆಯನ್ನು ತನ್ನ ಕಾಲದವರಿಗೆ ಸವಾಲಾಗಿ ಒಡ್ಡಿದುದು ೧೬೫೭ರಲ್ಲಿ, ಬೀಜಗಣಿತವು ರಚಿತವಾಗಿ ಐನೂರು ವರ್ಷಗಳು ಕಳೆದ ಮೇಲೆ. ಭಾರತದಲ್ಲಿ ಅದಕ್ಕೆ ಉತ್ತರವುಂಟೆಂದು ಅವನಿಗೆ ತಿಳಿದಿರಲಿಲ್ಲ.

ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದ ಮೇಲೆ ಆಚಾರ್ಯರು ಸುಮ್ಮನೆ ಕುಳಿತವರಲ್ಲ. ತಮ್ಮ ಗ್ರಂಥಕ್ಕೆ ತಾವೇ ವ್ಯಾಖ್ಯಾನವನ್ನು ಬರೆದರು. ೧೧೮೩ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಪಂಚಾಂಗ ಗಣನೆಗೆ ಸುಲಭ ವಿಧಾನಗಳನ್ನು ತಿಳಿಸುವ ‘ಕರಣಕುತೂಹಲ’ವನ್ನು ರಚಿಸಿದರು. ಈ ನಡುವೆ ಕಲ್ಯಾಣದ ಚಾಲುಕ್ಯರು ಕುಗ್ಗುತ್ತಿದ್ದರು. ಸ್ವಲ್ಪ ಕಾಲದಲ್ಲಿಯೇ ದೇವಗಿರಿಯ ಯಾದವರು ತಲೆಯೆತ್ತಿದರು. ರಾಜ್ಯಗಳು ಹೀಗೆ ಕೈ ಬದಲಾಯಿಸುತ್ತಿರುವಾಗ ತಾಳೆಗರಿಯ ಮೇಲಿನ ಗಣಿತಕ್ಕೆ ದಿಕ್ಕು ಯಾರು? ನಕಲು ಮಾಡುವವರೂ ಪಾಠ ಹೇಳುವವರೂ ಇಲ್ಲವಾದರೆ ಎಂತಹ ಗ್ರಂಥವಾದರೂ ಹುಳುಗಳ ಪಾಲಾಗುತ್ತದೆ. ಪದ್ಮನಾಭರ ಬೀಜಗಣಿತಕ್ಕೆ ಅದೇ ಗತಿಯಾಯಿತು. ಅದು ಇಂದು ಹೆಸರಿನಿಂದಷ್ಟೇ ಉಳಿದಿದೆ.

ಭಾಸ್ಕರಾಚಾರ್ಯರ ಗ್ರಂಥಗಳಿಗೆ ಆ ಗತಿ ಬರಲಿಲ್ಲ. ಅವರ ಮಗ ಲಕ್ಷ್ಮೀಧರನನ್ನು ಯಾದವರ ಜೈತ್ರಪಾಲನು ಕರೆದೊಯ್ದು ತನ್ನ ವಿದ್ವಾಂಸರಿಗೆ ಮುಖ್ಯಸ್ಥನನ್ನಾಗಿ ಮಾಡಿಕೊಂಡನು. ಮೊಮ್ಮಗ ಚಂಗದೇವನು ಸಿಂಘಣ ರಾಜನ ಆಸ್ಥಾನದಲ್ಲಿ ಜ್ಯೋತಿಷಿಯಾದನು. ಈ ಚಂಗದೇವನು ಅಜ್ಜನ ಹೆಸರನ್ನು ಹೇಳಿಕೊಂಡು ಮೆರೆಯುವುದಕ್ಕಷ್ಟೇ ತೃಪ್ತನಾಗದೆ ಪಾಟಣೆಯಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ೧೨೦೭ರಲ್ಲಿ ಅದಕ್ಕೆ ದತ್ತಿಯೂ ದೊರೆಯಿತು. ಆ ವಿಷಯವನ್ನು ತಿಳಿಸುವ ಶಿಲಾಶಾಸನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಡಾ. ಭಾವು ದಾಜಿ ಎಂಬ ವಿದ್ವಾಂಸರು ಬೆಳಕಿಗೆ ತಂದರು. ಭಾಸ್ಕರಾಚಾರ್ಯರ ಹಿಂದಿನ ಆರು ತಲೆಮಾರುಗಳ ಹೆಸರುಗಳು ನಮಗೆ ತಿಳಿದುಬಂದುದು ಆ ಕಲ್ಲಿನಿಂದ. ದೇವರ ಪೂಜೆಗೆಂದೋ ಅನ್ನದಾನಕ್ಕೆಂದೋ ದತ್ತಿ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿ ಹೇರಳವಾಗಿವೆ. ಈ ಶಾಸನದ ಉದ್ದೇಶ ಬೇರೆ. ಸಿದ್ಧಾಂತ ಶಿರೋಮಣಿ ಮೊದಲಾಗಿ ಭಾಸ್ಕರಾಚಾರ್ಯರು ರಚಿಸಿದ ಗ್ರಂಥಗಳನ್ನೂ ಅವರ ವಂಶದವರ ಇತರ ಗ್ರಂಥಗಳನ್ನೂ ಈ ಮಠದಲ್ಲಿ ತಪ್ಪದೆ ಪಾಠ ಹೇಳಬೇಕೆಂದು ಅದರಲ್ಲಿ ಕೆತ್ತಿಸಿದೆ.